ಆಕಾಶದ ಫೋಟೋ ಓದಿದ ಹೆಂಗಸರು

ಅಕ್ಕಿ ಆರಿಸುವಾಗ ನೀವು ಒಂದೊಂದು ಕಾಳನ್ನೂ ನೋಡುತ್ತೀರಾ? ಇಲ್ಲವಲ್ಲ! ಮೊರದ ಮೇಲೆ ಕಣ್ಣಾಡಿಸಿದರೆ ಸಾಕು, ಅಕ್ಕಿಯಲ್ಲದ್ದು ತಾನಾಗಿ ಕಣ್ಣಿಗೆ ಬೀಳುತ್ತೆ. ಇಂಥ ಕಣ್ಣಿಗೆ ಸಂಬಳ, ಸಮವಸ್ತ್ರ ಎರಡೂ ಕೊಡುವ ಕೆಲಸವೊಂದಿದೆ. ಆಕಾಶದಿಂದ ತೆಗೆದ ಫೋಟೋಗಳನ್ನು ನೋಡಿ, ಶತ್ರು ಎಲ್ಲಿ ಏನು ನಡೆಸಿದ್ದಾನೆ ಅಂತ ಸೈನ್ಯಕ್ಕೆ ಹೇಳುವ ಕೆಲಸ. ಈಗ ಇದಕ್ಕೆ ಉಪಗ್ರಹ, ಕಂಪ್ಯೂಟರು ಎಲ್ಲ ಬಂದಿವೆ. ಎರಡನೆಯ ಮಹಾಯುದ್ಧದಲ್ಲಿ ಇದ್ದದ್ದು ಫೋಟೋ, ಭೂತಗನ್ನಡಿ ಮತ್ತು ತಾಳ್ಮೆ. ಆ ತಾಳ್ಮೆಯಲ್ಲಿ ದೊಡ್ಡ ಪಾಲು ಹೆಂಗಸರದು.

ಇಂಗ್ಲೆಂಡಿನ ಥೇಮ್ಸ್ ನದಿಯ ಬಳಿ ಮೆಡ್‌ಮೆನ್‌ಹ್ಯಾಮ್ ಎಂಬ ಊರು. ಅಲ್ಲಿನ ಡೇನ್ಸ್‌ಫೀಲ್ಡ್ ಹೌಸ್ ಎಂಬ ದೊಡ್ಡ ಬಂಗಲೆಗೆ 1941ರಲ್ಲಿ ಈ ಕಚೇರಿ ಬಂತು. ಕೇಂಬ್ರಿಡ್ಜಿನ ಮೊದಲ ಮಹಿಳಾ ಪ್ರೊಫೆಸರ್, ನೆಲ ಅಗೆದು ಹಳೇ ಕಾಲದ ಕುರುಹು ಹುಡುಕುತ್ತಿದ್ದ ಡೊರೊಥಿ ಗ್ಯಾರಡ್ ಇಲ್ಲಿ ಬಂದು ಕೂತರು. ಪ್ರಧಾನಿ ಚರ್ಚಿಲ್ಲರ ಮಗಳು ಸಾರಾ ಕೂಡ ಇದ್ದಳು. 1942ರ ನವೆಂಬರಿನಲ್ಲಿ ಆಕೆ ರಜೆಗೆ ಮನೆಗೆ ಹೋದಾಗ, ಉತ್ತರ ಆಫ್ರಿಕದ ಮೇಲಿನ ದಾಳಿಗೆ ಇಷ್ಟು ಹಡಗು ಹೊರಟಿವೆ ಅಂತ ಅಪ್ಪ ಬಲು ಗುಟ್ಟಾಗಿ ಹೇಳಿದರಂತೆ. ಮಗಳು ತಣ್ಣಗೆ ಲೆಕ್ಕ ತಿದ್ದಿದಳು: ಒಂದು ಹಡಗು ಹೆಚ್ಚು! ತಿಂಗಳುಗಟ್ಟಲೆ ಅದೇ ಕೆಲಸ ಮಾಡಿದ್ದರೂ ಅಪ್ಪನ ಹತ್ತಿರ ತುಟಿಪಿಟಕ್ ಅಂದಿರಲಿಲ್ಲ. ಹೆಂಗಸರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಅನ್ನುವವರಿಗೆ ಈ ಕಥೆ ಹೇಳಿ.

ಸರಿ, ಫೋಟೋ ಓದುವುದು ಹೇಗೆ? ಬಂದೂಕಿಲ್ಲದ ಸ್ಪಿಟ್‌ಫೈರ್, ಮಸ್ಕೀಟೊ ವಿಮಾನಗಳು ಬಲು ಎತ್ತರದಲ್ಲಿ ಹಾರುತ್ತಾ, ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಸಾಲಾಗಿ ಚಿತ್ರ ತೆಗೆಯುತ್ತಿದ್ದವು. ಅಂಥ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಸ್ಟೀರಿಯೊಸ್ಕೋಪ್ ಎಂಬ ಜೋಡಿ ಕನ್ನಡಕದಲ್ಲಿ ನೋಡಿದರೆ ಮನೆ, ಚಿಮಣಿ, ಮರಗಳೆಲ್ಲ ಎದ್ದು ನಿಲ್ಲುತ್ತವೆ. ಆಮೇಲೆ ನೆರಳು. ಮೇಲಿನಿಂದ ನೋಡಿದರೆ ಕೊಡವೂ ತಟ್ಟೆಯೂ ಒಂದೇ ದುಂಡು, ನೆರಳು ಬಿದ್ದರೇ ಯಾವುದು ಏನು ಅಂತ ಗೊತ್ತಾಗೋದು. ಎಲ್ಲಕ್ಕಿಂತ ಮುಖ್ಯ, ಮೊನ್ನೆಯ ಚಿತ್ರಕ್ಕೂ ಇವತ್ತಿನದಕ್ಕೂ ಏನು ವ್ಯತ್ಯಾಸ ಎಂಬುದು. ಎದುರು ಮನೆಯ ತಂತಿಯ ಮೇಲೆ ಒಂದು ದಿನ ಕೂಸಿನ ಬಟ್ಟೆ ಒಣಗಿದರೆ ನಮಗೆ ಯಾರಾದರೂ ಬಂದು ಹೇಳಬೇಕೇ?

ವಿಮಾನಗಳ ವಿಭಾಗಕ್ಕೆ ಮುಖ್ಯಸ್ಥೆ ಕಾನ್‌ಸ್ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್. ಯುದ್ಧಕ್ಕೆ ಮುಂಚೆ ಪತ್ರಿಕೆಯೊಂದಕ್ಕೆ ವಿಮಾನಗಳ ವಿಷಯ ಬರೆಯುತ್ತಿದ್ದ ಹೆಣ್ಣುಮಗಳು. ಬಾಲ್ಟಿಕ್ ಸಮುದ್ರದ ದಡದ ಪೇನಮುಂಡೆಯಲ್ಲಿ ಜರ್ಮನರು ಹೊಸ ಅಸ್ತ್ರವೊಂದನ್ನು ಮಾಡುತ್ತಿದ್ದಾರೆ, ತೀರಾ ಪುಟ್ಟ ವಿಮಾನವೇನಾದರೂ ಕಾಣುತ್ತದೆಯೇ ನೋಡು ಅಂತ 1943ರಲ್ಲಿ ಆಕೆಗೆ ಅಪ್ಪಣೆಯಾಯಿತು. ಹಳೆಯ ಫೋಟೋಗಳನ್ನೆಲ್ಲ ಮತ್ತೆ ತೆಗೆದು ನೋಡಿದಾಗ ಕಟ್ಟಡವೊಂದರ ಪಕ್ಕದಲ್ಲಿ ಸುಮಾರು 20 ಅಡಿ ರೆಕ್ಕೆಯ ಪುಟ್ಟದೊಂದು ಸಿಕ್ಕಿತು. ಆದರೆ ಅದು ಹಾರುವುದು ಹೇಗೆ? ಸಮುದ್ರದ ಅಂಚಿನಲ್ಲಿ ಇಳಿಜಾರಾದ ಕಟ್ಟಣೆಗಳಿದ್ದವು. ಅವು ಹೂಳೆತ್ತುವ ಸಲಕರಣೆ ಅಂತ ಬೇರೆಯವರು ಮೊದಲೇ ಷರಾ ಬರೆದು ಬಿಟ್ಟಿದ್ದರು. ನವೆಂಬರ್ 28ರಂದು ತೆಗೆದ ಹೊಸ ಚಿತ್ರ ಡಿಸೆಂಬರ್ 1ರಂದು ಆಕೆಯ ಕೈಗೆ ಬಂದಾಗ, ಅಂಥದೊಂದು ಇಳಿಜಾರಿನ ಮೇಲೆಯೇ ಶಿಲುಬೆಯಾಕಾರದ ಚುಕ್ಕೆ ಕೂತಿತ್ತು. ಪೈಲಟ್ ಇಲ್ಲದೆ ಹಾರುವ ವಿ-1 ಬಾಂಬ್! ಫ್ರಾನ್ಸಿನ ಉತ್ತರದಲ್ಲಿ ಲಂಡನ್ನಿನ ಕಡೆಗೆ ಮುಖ ಮಾಡಿ ಎದ್ದಿದ್ದ ಕಟ್ಟಣೆಗಳ ಅರ್ಥವೂ ಆಗ ಬಿಡಿಸಿತು. ಅವುಗಳ ಮೇಲೆ ಆ ತಿಂಗಳಿನಿಂದಲೇ ಬಾಂಬಿನ ಮಳೆ. ಆದರೂ 1944ರ ಜೂನ್ 13ರಿಂದ ವಿ-1ಗಳು ಲಂಡನ್ನಿನ ಮೇಲೆ ಬಿದ್ದವು, 6,000ಕ್ಕೂ ಹೆಚ್ಚು ಜನ ಸತ್ತರು. ಮುಂಚೆ ಗೊತ್ತಾಗದಿದ್ದರೆ ಇನ್ನೂ ಬೇಗ, ಇನ್ನೂ ಎಷ್ಟೋ ಬೀಳುತ್ತಿದ್ದವು.

ಇಷ್ಟು ಓದಿ ಭಲೆ ಅನಿಸಿತಲ್ಲವೇ? ನನಗೂ ಅನಿಸಿತು. ಆದರೆ ಈ ಕೆಲಸದ ಇನ್ನೊಂದು ಮಗ್ಗುಲೂ ಇದೆ. ಏನನ್ನು ಹುಡುಕು ಅಂತ ಹೇಳಿರುತ್ತಾರೋ ಕಣ್ಣು ಅದನ್ನೇ ಹುಡುಕುತ್ತದೆ. 1944ರ ಏಪ್ರಿಲ್ 4ರಂದು ಪೋಲೆಂಡಿನ ಮೇಲೆ ಹಾರಿದ ವಿಮಾನವೊಂದು, ಜರ್ಮನರ ದೊಡ್ಡ ರಾಸಾಯನಿಕ ಕಾರ್ಖಾನೆಯ ಚಿತ್ರ ತೆಗೆಯಿತು. ಕಾರ್ಖಾನೆಯನ್ನು ಇಂಚಿಂಚೂ ಅಳೆದು ವರದಿ ಬರೆದರು. ಅದೇ ಸುರುಳಿಯಲ್ಲಿ ಕೆಲವೇ ಮೈಲಿ ಆಚೆ ಆಶ್‌ವಿಟ್ಸ್ ಶಿಬಿರವೂ ಬಿದ್ದಿತ್ತು. ಅದನ್ನು ನೋಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಆ ಬೇಸಿಗೆಯುದ್ದಕ್ಕೂ ಹೀಗೇ ಚಿತ್ರಗಳು ಬಂದವು, ಡಬ್ಬ ಸೇರಿದವು.

ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ಅಮೆರಿಕದ ಗುಪ್ತಚರ ಸಂಸ್ಥೆಯ ಡೀನೊ ಬ್ರೂಜಿಯೋನಿ, ರಾಬರ್ಟ್ ಪೊಯಿರಿಯರ್ ಎಂಬ ಇಬ್ಬರು ಆ ಡಬ್ಬಗಳನ್ನು ತೆರೆದು ಹೊಸದಾಗಿ ನೋಡಿದರು. 1979ರಲ್ಲಿ ಅವರ ವರದಿ ಹೊರಬಂತು. ರೈಲಿನ ಡಬ್ಬಿಗಳು, ಬೇಲಿ, ವಿಷಾನಿಲದ ಕೋಣೆಗಳು ಎಲ್ಲ ಅದರಲ್ಲಿದ್ದವು. 1944ರ ಆಗಸ್ಟ್ 25ರ ಚಿತ್ರದಲ್ಲಂತೂ ಆಗ ತಾನೇ ರೈಲಿನಿಂದ ಇಳಿದು, ಸಾಲುಗಟ್ಟಿ ಒಳಗೆ ನಡೆಯುತ್ತಿದ್ದ ಜನರೂ ಇದ್ದರು, ಸೂಜಿಮೊನೆಯಷ್ಟು ಚುಕ್ಕೆಗಳಾಗಿ.