ಉಮ್ಮನ ಇಸ್ತ್ರಿಪೆಟ್ಟಿಗೆ ಭೀಮೆಯ ದಂಡೆಗೆ

ಹಬ್ಬದ ಹಿಂದಿನ ರಾತ್ರಿ ಉಮ್ಮ ಗೆರಟೆಯ ಇದ್ದಿಲಿಗೆ ಕೆಂಡ ಹಚ್ಚಿ, ಹಿತ್ತಾಳೆಯ ಇಸ್ತ್ರಿಪೆಟ್ಟಿಗೆ ಕಾಯಿಸುತ್ತಿದ್ದರು. ಬಿಸಿಯಾದ ಪೆಟ್ಟಿಗೆಯನ್ನು ಬಾಳೆಎಲೆಯ ಮೇಲೆ ಒಮ್ಮೆ ಎಳೆದು ನುಣುಪು ಮಾಡಿಕೊಂಡು, ಆಮೇಲೆ ಬಾಪನ ಬಿಳಿ ಅಂಗಿಗೆ ಕೈಹಾಕುತ್ತಿದ್ದರು. ಕರಾವಳಿಯ ಹಳೆಯ ಬ್ಯಾರಿ ಮನೆಗಳಲ್ಲಿ ಬೆಳೆದ ಅನೇಕರಿಗೆ ಈ ದೃಶ್ಯ ನೆನಪಿದ್ದೀತು.

ವಿದ್ಯುತ್ ಇಸ್ತ್ರಿಗೆ ನ್ಯೂಯಾರ್ಕಿನ ಹೆನ್ರಿ ಸೀಲಿ ಪೇಟೆಂಟ್ ಪಡೆದದ್ದು 1882ರಲ್ಲಿ. ಆದರೆ ನಮ್ಮ ಹಳ್ಳಿಗಳಿಗೆ ಕರೆಂಟು ಬರುವವರೆಗೂ ಕೆಂಡದ ಪೆಟ್ಟಿಗೆಯದ್ದೇ ಕಾರುಬಾರು. ಈಗ ಅದು ಅಟ್ಟದಿಂದಿಳಿದು ನೇರ ಗುಜರಿಯವನ ತಕ್ಕಡಿಗೆ ಹೋಗುತ್ತಿದೆ.

ಕೆಲಸದ ನಿಮಿತ್ತ ಜೇವರ್ಗಿಯಲ್ಲಿರುವ ನಾನು, ಉಮ್ಮ ತೀರಿಹೋದ ಮೇಲೆ ಊರಿನಿಂದ ಕೇಳಿ ತರಿಸಿಕೊಂಡದ್ದು ಆ ಪೆಟ್ಟಿಗೆಯೊಂದನ್ನೇ. ತಮ್ಮ ಗೋಣಿಯಲ್ಲಿ ಸುತ್ತಿ ಪಾರ್ಸೆಲ್ ಹಾಕಿದ. ಬಿಚ್ಚಿದಾಗ ಮುಚ್ಚಳದ ಕೀಲು ಮುರಿದಿತ್ತು, ಮರದ ಹಿಡಿ ಸೀಳಿತ್ತು. ಮನಸ್ಸಿಗೆ ಕಸಿವಿಸಿ. ತಪ್ಪು ನಮ್ಮದೇ: ತಳ ಭಾರ, ಮುಚ್ಚಳ ಹಗುರ. ಬಿದ್ದರೆ ಪೆಟ್ಟೆಲ್ಲ ಕೀಲಿಗೆ.

ಜೇವರ್ಗಿಯಲ್ಲಿ ವೆಲ್ಡಿಂಗ್ ಅಂಗಡಿಗೆ ಒಯ್ದೆ. ಕಬ್ಬಿಣಕ್ಕೆ ಹೊಡೆಯುವ ವೆಲ್ಡಿಂಗ್ ಹಿತ್ತಾಳೆಗೆ ಹಿಡಿಯುವುದಿಲ್ಲ, ತೂತು ಬೀಳುತ್ತದೆ ಎಂದು ಅವರೇ ವಾಪಸ್ ಕೊಟ್ಟರು. ಅಫಜಲಪುರದಲ್ಲಿ ಇಸ್ತ್ರಿ ಮಾಡುವ ಹಿರಿಯರೊಬ್ಬರು ಒಳಗೆ ಬೆರಳಾಡಿಸಿ, "ಬೂದಿ ಒಳಗ ಬಿಟ್ಟೀರಿ ಸಾಹೇಬ್ರ. ಬೂದಿ ನೀರು ಎಳಕೊಂತದ, ಪೆಟ್ಟಿಗಿ ತಿಂತದ" ಅಂದರು. ಹೌದು, ಕರಾವಳಿಯ ಹಸಿ ಗಾಳಿಯಲ್ಲಿ ವರ್ಷಗಟ್ಟಲೆ ಕೂತ ಬೂದಿ ಒಳಗಿನ ಕಬ್ಬಿಣದ ಜಾಳಿಗೆಯನ್ನು ತುಕ್ಕು ಹಿಡಿಸಿತ್ತು. ಕೊನೆಗೆ ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಹೋದ ದಿನ, ಅಲ್ಲಿನ ಪೇಟೆಯಲ್ಲಿ ಪಾತ್ರೆ ರಿಪೇರಿಯವರು ಹಿತ್ತಾಳೆ ಕಡ್ಡಿಯನ್ನೇ ಅರೆದು ಕೀಲಿಗೆ ಕೂರಿಸಿಕೊಟ್ಟರು. ಹಿಡಿಗೆ ಒಬ್ಬ ಬಡಿಗ ಸಾಗುವಾನಿ ತುಂಡು ಜೋಡಿಸಿದರು.

ಕಲಿತದ್ದನ್ನು ಹಂಚಿಕೊಳ್ಳುತ್ತೇನೆ. ಕಳಿಸುವ ಮೊದಲು ಬೂದಿಯನ್ನು ಬ್ರಶ್ಶಿನಿಂದ ಪೂರ್ತಿ ತೆಗೆಯಿರಿ. ಹೊಟ್ಟೆಗೆ ಹಳೆಯ ಬಟ್ಟೆ ತುರುಕಿ, ಮುಚ್ಚಳ ಮುಚ್ಚಿ ನೂಲಿನ ಹಗ್ಗದಿಂದ ಬಿಗಿಯಿರಿ. ಹಿಡಿ ಸ್ಕ್ರೂವಿನದ್ದಾದರೆ ಬಿಚ್ಚಿ ಬೇರೆ ಸುತ್ತಿ. ಗೋಣಿ ಸಾಲದು, ಮರದ ಪೆಟ್ಟಿಗೆಯೇ ಬೇಕು. ಸುತ್ತಲೂ ಹಳೆಯ ಸೀರೆ, ಚಾದರ ಒತ್ತಿ ಇಡಿ, ಅಲುಗಾಡಬಾರದು.

ಬಂದ ಮೇಲೆ ಹೊರಗಿನ ಹಿತ್ತಾಳೆಗೆ ಹುಣಸೆಹುಳಿ, ಉಪ್ಪು ತಿಕ್ಕಿ, ತೊಳೆದು, ಬಿಸಿಲಲ್ಲಿ ಒಣಗಿಸಿ. ಬಿಸಿ ಪೆಟ್ಟಿಗೆಗೆ ತಣ್ಣೀರು ಬೇಡ, ಎರಕದ ಕಬ್ಬಿಣ ಸೀಳೀತು. ಪ್ರತಿ ಸಲ ಬೂದಿ ತೆಗೆದೇ ಎತ್ತಿಡಿ. ಇಲ್ಲಿ ಬಾಳೆಎಲೆ ಸಿಗದಿದ್ದರೆ ಬಟ್ಟೆಗೆ ಮೇಣ ಹಚ್ಚಿ ತಳ ಒರೆಸಬಹುದು. ಇಲ್ಲಿ ಸಿಗುವ ಜಾಲಿಯ ಇದ್ದಿಲಾದರೂ ಸರಿ. ಗೆರಟೆಯ ಇದ್ದಿಲು ಹೆಚ್ಚು ಹೊತ್ತು ಉರಿಯುತ್ತದೆ, ಬೂದಿ ಕಮ್ಮಿ.

ಒಂದು ಮಾತು ಮಾತ್ರ ಮರೆಯಬೇಡಿ. ಚಳಿಗಾಲದ ರಾತ್ರಿ ಕದ, ಕಿಟಕಿ ಮುಚ್ಚಿ ಕೆಂಡದ ಪೆಟ್ಟಿಗೆ ಬಳಸಬೇಡಿ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಉಮ್ಮ ಯಾವತ್ತೂ ಹೊರಜಗಲಿಯಲ್ಲೇ ಇಸ್ತ್ರಿ ಹಾಕುತ್ತಿದ್ದದ್ದು ಯಾಕೆಂದು ಈಗ ಅರ್ಥವಾಗುತ್ತದೆ.

ದಿನನಿತ್ಯಕ್ಕೆ ನನ್ನಲ್ಲೂ ಕರೆಂಟಿನ ಇಸ್ತ್ರಿಯೇ ಇದೆ. ಹಿತ್ತಾಳೆಯ ಪೆಟ್ಟಿಗೆ ಈದಿನ ಹಿಂದಿನ ಸಂಜೆ ಅಂಗಳಕ್ಕೆ ಬರುತ್ತದೆ. ಮಕ್ಕಳು ಬೀಸಣಿಗೆ ಹಿಡಿದು ಕೂರುತ್ತಾರೆ. ಊರಲ್ಲಿ ನಿಮ್ಮ ಅಟ್ಟದಲ್ಲೂ ಒಂದಿದ್ದರೆ, ಗುಜರಿಗೆ ಕೊಡುವ ಮೊದಲು ದೂರದೂರಿನ ಮಕ್ಕಳನ್ನು ಒಮ್ಮೆ ಕೇಳಿ ನೋಡಿ.