ಫ್ಯಾನ್ ರೆಗ್ಯುಲೇಟರಿನ ಕಾವು ಇಳಿದ ಬಗೆ

ಚಿತ್ತಾಪುರ, ವಾಡಿ, ಶಹಾಬಾದ ಕಡೆಯ ಮೇ ತಿಂಗಳಲ್ಲಿ ಹಗಲೆಲ್ಲ ಕಾದ ಪರಸಿ ಕಲ್ಲು ರಾತ್ರಿ ಸರಿದರೂ ತಣಿಯುವುದಿಲ್ಲ. ಮಲಗಿದವರಿಗೆ ಫ್ಯಾನೇ ದಿಕ್ಕು. ಅದರ ವೇಗ ಹಿಡಿದಿಡುವ ಗೋಡೆಯ ಗುಂಡಿಯ ಬಗ್ಗೆ ಮಾತ್ರ ಯಾರೂ ಯೋಚಿಸುವುದಿಲ್ಲ.

ಹಳೆಯ ಶಾಲೆ, ಕಚೇರಿಗಳಲ್ಲಿದ್ದ ದಪ್ಪನೆಯ ರೆಗ್ಯುಲೇಟರ್ ಡಬ್ಬಿಯೊಳಗೆ ಇದ್ದದ್ದು ಸುತ್ತಿದ ಪ್ರತಿರೋಧ ತಂತಿ. ಗುಂಡಿಯನ್ನು 1ರತ್ತ ತಿರುಗಿಸಿದಷ್ಟೂ ಹೆಚ್ಚು ತಂತಿ ಕರೆಂಟಿನ ದಾರಿಗೆ ಸೇರುತ್ತಿತ್ತು, ಫ್ಯಾನಿಗೆ ಸಿಗುವ ವೋಲ್ಟೇಜ್ ಇಳಿಯುತ್ತಿತ್ತು. ಜರ್ಮನಿಯ ಗಿಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ಲೆಕ್ಕವೇ ಇದು. ಆದರೆ ತಂತಿ ತಡೆದ ಶಕ್ತಿ ಎಲ್ಲಿಗೂ ಹೋಗುತ್ತಿರಲಿಲ್ಲ. ಸೆಕೆಯ ಕೋಣೆಯಲ್ಲೇ ಕಾವಾಗಿ ಉಳಿಯುತ್ತಿತ್ತು.

1960ರ ದಶಕದಲ್ಲಿ ರೂಪುಗೊಂಡ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಇದಕ್ಕೊಂದು ಜಾಣ ದಾರಿ ಕೊಟ್ಟಿತು. ನಮ್ಮ ಕರೆಂಟಿನ ಅರ್ಧ ಆವರ್ತಕ್ಕೆ 10 ಮಿಲಿಸೆಕೆಂಡು. ಅಷ್ಟರಲ್ಲಿ ಗುಂಡಿಯ ಪ್ರತಿರೋಧದ ಮೂಲಕ ಪುಟ್ಟ ಕೆಪಾಸಿಟರ್ ತುಂಬಬೇಕು, ಆಮೇಲಷ್ಟೇ ಟ್ರಯಾಕ್ ತೆರೆಯಬೇಕು. ಪ್ರತಿರೋಧ ಹೆಚ್ಚಿದರೆ ತುಂಬುವುದು ತಡ, ಫ್ಯಾನಿಗೆ ಸಿಗುವ ಪಾಲು ಕಡಿಮೆ. ಕಾವು ತಗ್ಗಿತು. ಅಲೆ ತುಂಡಾಗಿ ಬಂದದ್ದರಿಂದ ಫ್ಯಾನ್ ಮಾತ್ರ ಗುಂಯ್‌ಗುಡತೊಡಗಿತು.

ಈಗ ಮನೆಮನೆಯಲ್ಲಿರುವ, ಹಂತಹಂತವಾಗಿ ಟಕ್ಕೆಂದು ತಿರುಗುವ ರೆಗ್ಯುಲೇಟರಿನಲ್ಲಿ ಕೆಲಸವೆಲ್ಲ ಕೆಪಾಸಿಟರಿನದೇ. ನನಗೆ ಇದರಷ್ಟು ಚೆಂದದ ಉಪಾಯ ಇನ್ನೊಂದು ಕಾಣದು. ಕೆಪಾಸಿಟರ್ ತುಂಬಿಕೊಂಡದ್ದನ್ನು ಮರುಗಳಿಗೆ ಹಿಂತಿರುಗಿಸುತ್ತದೆ. ಹಾಗಾಗಿ ಕರೆಂಟನ್ನು ತಡೆದರೂ ಹೆಚ್ಚುಕಡಿಮೆ ಬಿಸಿಯಾಗುವುದಿಲ್ಲ. 50 ಹರ್ಟ್ಸ್‌ನಲ್ಲಿ 1 ಮೈಕ್ರೋಫ್ಯಾರಡ್ ಒಡ್ಡುವ ತಡೆ ಸುಮಾರು 3,180 ಓಮ್, 2.2 ಮೈಕ್ರೋಫ್ಯಾರಡ್ ಆದರೆ 1,450ರ ಆಸುಪಾಸು. ಕೆಪಾಸಿಟರ್ ದೊಡ್ಡದಾದಷ್ಟೂ ಫ್ಯಾನ್ ಜೋರು. ಕೊನೆಯ ಹಂತದಲ್ಲಿ ನಡುವೆ ಏನೂ ಇಲ್ಲ, ನೇರ ಸಂಪರ್ಕ.

ಪ್ರತಿರೋಧಕ ಇಲ್ಲಿಂದಲೂ ಹೊರಬಿದ್ದಿಲ್ಲ. ಕೆಪಾಸಿಟರಿನ ಎರಡು ತುದಿಗಳ ನಡುವೆ ಸಾಮಾನ್ಯವಾಗಿ 2,20,000 ಓಮ್‌ನ ಒಂದು ಕಾವಲಿರುತ್ತದೆ. ಸ್ವಿಚ್ ಆರಿಸಿದ ಮೇಲೆ ಒಳಗುಳಿದ ವಿದ್ಯುತ್ತನ್ನು ಅದು ಎರಡು ಮೂರು ಸೆಕೆಂಡಿನಲ್ಲಿ ಬರಿದು ಮಾಡುತ್ತದೆ. 1746ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ವಿಜ್ಞಾನಿ ಮುಸ್ಸೆನ್‌ಬ್ರೂಕ್ ನೀರಿನ ಜಾಡಿಯಲ್ಲಿ ವಿದ್ಯುತ್ ಕೂಡಿಟ್ಟು, ಅದನ್ನೇ ಮುಟ್ಟಿ ನಡುಗಿಹೋಗಿದ್ದ. ರಿಪೇರಿಗೆ ಕೈಹಾಕುವವರಿಗೆ ಆ ಗತಿ ಬಾರದಿರಲೆಂದೇ ಈ ಏರ್ಪಾಡು.

ಫ್ಯಾನಿನೊಳಗೂ ಒಂದು ಕೆಪಾಸಿಟರ್ ಇದೆ, ಹೆಚ್ಚಾಗಿ 2.5 ಮೈಕ್ರೋಫ್ಯಾರಡ್‌ನದು. ಒಂದು ಸುರುಳಿಯ ಕರೆಂಟನ್ನು ಇನ್ನೊಂದಕ್ಕಿಂತ ಮುಂದಕ್ಕೆ ಸರಿಸಿ, ರೆಕ್ಕೆ ತಿರುಗಲು ಬೇಕಾದ ಬಲ ಹುಟ್ಟಿಸುವುದು ಅದೇ. ವರ್ಷಗಳ ಕಾವಿಗೆ ಅದರ ಸಾಮರ್ಥ್ಯ ಕುಗ್ಗಿ ಫ್ಯಾನ್ ಮಂದವಾದಾಗ, ನೋಡಲು ಬಂದವರು ಕೆಪಾಸಿಟರಿನ ಹಳೆಯ ಹೆಸರು ಹಿಡಿದು ಹೇಳುತ್ತಾರೆ: “ಕಂಡೆನ್ಸರ್ ಹೋಗ್ಯಾದ.” ಹೊಸದನ್ನು ಹಾಕಿಸುವಾಗ ಹಳೆಯದರ ಮೇಲಿನ ಅಂಕಿಯನ್ನೇ ಕೇಳಿ ತರಬೇಕು. ಇನ್ನಷ್ಟು ಗಾಳಿ ಬರಲೆಂದು ದೊಡ್ಡದನ್ನು ಹಾಕಿದರೆ ಸುರುಳಿ ಕಾಯುತ್ತದೆ.