ಪಿ.ಎಲ್.ಸಿ. ಯಂತ್ರನಿಯಂತ್ರಕಗಳಲ್ಲಿ ದೋಷಶೋಧನೆ: ಒಂದು ಚಾರಿತ್ರಿಕ ವಿವೇಚನೆ

ಕಾರ್ಖಾನೆಯ ಯಂತ್ರವೊಂದು ನಿಂತುಹೋದಾಗ ಅದರ ದೋಷವನ್ನು ಹುಡುಕಿ ಸರಿಪಡಿಸುವ ಕಾರ್ಯವು ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಚರ್ಚಿಸತಕ್ಕ ವಿಷಯವೇ ಎಂದು ಕೆಲವು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಉಳಿದಿರುವ ಕುರುಹುಗಳಿಂದ ನಡೆದುದನ್ನು ಊಹಿಸಿ, ಒಂದು ಸಾಕ್ಷ್ಯವನ್ನು ಇನ್ನೊಂದರೊಡನೆ ತಾಳೆನೋಡಿ, ಕಾರಣವನ್ನು ನಿರ್ಣಯಿಸುವುದು ಚರಿತ್ರಕಾರನ ಕೆಲಸ. ದುರಸ್ತಿಗಾರನ ಕೆಲಸವೂ ಅದೇ. ಅಷ್ಟೇ ಅಲ್ಲದೆ, ಇಂದಿನ ಕಾರ್ಖಾನೆಗಳನ್ನು ನಡೆಸುತ್ತಿರುವ ಪ್ರೋಗ್ರಾಮಬಲ್ ಲಾಜಿಕ್ ಕಂಟ್ರೋಲರ್, ಅಂದರೆ ಪಿ.ಎಲ್.ಸಿ., ಈಗಿನ ರೂಪವನ್ನು ತಾಳಿದುದಕ್ಕೆ ದುರಸ್ತಿಗಾರನ ಅನುಕೂಲವೇ ಒಂದು ಮುಖ್ಯ ಕಾರಣವೆಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

1960ರ ದಶಕದ ಅಂತ್ಯದವರೆಗೂ ಯಂತ್ರಗಳನ್ನು ನಿಯಂತ್ರಿಸುತ್ತಿದ್ದುವು ರಿಲೇಗಳು. ರಿಲೇ ಎಂದರೆ ವಿದ್ಯುತ್ಕಾಂತದ ಸೆಳೆತದಿಂದ ತೆರೆದು ಮುಚ್ಚುವ ಸ್ವಿಚ್ಚು. ದೊಡ್ಡ ಕಾರ್ಖಾನೆಯ ಫಲಕದಲ್ಲಿ ಇವು ನೂರುಗಟ್ಟಲೆ ಇರುತ್ತಿದ್ದುವು. ಅವುಗಳಲ್ಲಿ ಒಂದರ ಸಂಪರ್ಕಬಿಂದು ಸವೆದರೂ ಇಡೀ ಸಾಲು ನಿಲ್ಲುತ್ತಿತ್ತು. ಮೋಟಾರು ವಾಹನಗಳ ಮಾದರಿ ಬದಲಾದಾಗ ಫಲಕದ ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಬೇಕಾಗುತ್ತಿತ್ತು. ಈ ತೊಡಕಿನಿಂದ ಪಾರಾಗಲು ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯ ಹೈಡ್ರಮ್ಯಾಟಿಕ್ ವಿಭಾಗವು 1968ರಲ್ಲಿ ರಿಲೇಗಳಿಗೆ ಬದಲಿಯಾದ ಸಾಧನವೊಂದನ್ನು ಬಯಸಿತು. ಅದು ವಿಧಿಸಿದ ನಿಬಂಧನೆಗಳಲ್ಲಿ ಎರಡು ಗಮನಾರ್ಹವಾಗಿವೆ: ಸಾಧನದ ನಿರ್ದೇಶಗಳನ್ನು ಕಾರ್ಖಾನೆಯಲ್ಲಿಯೇ ಸುಲಭವಾಗಿ ಬದಲಾಯಿಸಲು ಬರಬೇಕು, ದುರಸ್ತಿಯು ಸುಲಭವಾಗುವಂತೆ ಅದರ ಭಾಗಗಳನ್ನು ಕಳಚಿ ಜೋಡಿಸಲು ಸಾಧ್ಯವಾಗಬೇಕು.

ಈ ಬೇಡಿಕೆಯನ್ನು ಪೂರೈಸಿದವರಲ್ಲಿ ಮುಖ್ಯರಾದವರು ಮ್ಯಾಸಚೂಸೆಟ್ಸ್ ಪ್ರಾಂತದ ಬೆಡ್‌ಫರ್ಡ್ ಅಸೋಸಿಯೇಟ್ಸ್ ಎಂಬ ಸಂಸ್ಥೆಯ ರಿಚರ್ಡ್ ಮಾರ್ಲಿ ಮತ್ತು ಅವರ ಸಂಗಡಿಗರು. ಸಂಸ್ಥೆಯ 84ನೆಯ ಯೋಜನೆಯಾದುದರಿಂದ ಸಾಧನಕ್ಕೆ ಮೋಡಿಕಾನ್ 084 ಎಂಬ ಹೆಸರು ಬಂದಿತು. 1969ರಲ್ಲಿ ಅದು ಕಾರ್ಖಾನೆಯನ್ನು ಸೇರಿತು. ಒಳಗೆ ಅದು ಗಣಕಯಂತ್ರದ ಜಾತಿಯದೇ ಆದರೂ ಗಣಕಯಂತ್ರದ ಭಾಷೆಯನ್ನು ಕಲಿಯಬೇಕೆಂದು ಅದು ಯಾರನ್ನೂ ಒತ್ತಾಯಿಸಲಿಲ್ಲ. ವಿದ್ಯುತ್ ಕೆಲಸಗಾರರು ಬಹುಕಾಲದಿಂದ ಓದುತ್ತಿದ್ದ ರಿಲೇ ನಕ್ಷೆಯನ್ನೇ ಅದು ತನ್ನ ಭಾಷೆಯಾಗಿ ಉಳಿಸಿಕೊಂಡಿತು. ಎರಡು ನಿಲುಗೆರೆಗಳ ನಡುವೆ ಮೆಟ್ಟಿಲುಗಳಂತೆ ಅಡ್ಡಗೆರೆಗಳಿರುವುದರಿಂದ ಇದಕ್ಕೆ ಲ್ಯಾಡರ್, ಎಂದರೆ ಏಣಿಯ ನಕ್ಷೆ, ಎಂದು ಹೆಸರು. ರಿಲೇಗಳು ಮರೆಯಾದರೂ ಅವುಗಳ ನಕ್ಷೆ ಉಳಿಯಿತು. 1993ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನಕವು ಅಂಗೀಕರಿಸಿದ ಐದು ಭಾಷೆಗಳಲ್ಲಿ ಇದೂ ಒಂದು.

ಇನ್ನು ದೋಷಶೋಧನೆಯ ಕ್ರಮವನ್ನು ನೋಡೋಣ. ಪಿ.ಎಲ್.ಸಿ.ಯು ಮೂರು ಕೆಲಸಗಳನ್ನು ಕ್ರಮವಾಗಿ ಮಾಡುತ್ತದೆ. ಮೊದಲು ಸೆನ್ಸರ್ ಮತ್ತು ಸ್ವಿಚ್ಚುಗಳಿಂದ ಬಂದ ಸಂಕೇತಗಳನ್ನು ಓದಿಕೊಳ್ಳುತ್ತದೆ. ಬಳಿಕ ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಪರಿಶೀಲಿಸುತ್ತದೆ. ಕೊನೆಯಲ್ಲಿ ಮೋಟಾರು, ಕವಾಟ ಮುಂತಾದುವಕ್ಕೆ ಆಜ್ಞೆಯನ್ನು ಹೊರಡಿಸುತ್ತದೆ. ಸಾಮಾನ್ಯವಾಗಿ ಕೆಲವೇ ಮಿಲಿಸೆಕೆಂಡುಗಳಲ್ಲಿ ಈ ಸುತ್ತು ಮುಗಿದು ಪುನಃ ಮೊದಲಾಗುತ್ತದೆ. ಒಳಬರುವ ಮತ್ತು ಹೊರಹೋಗುವ ಸಂಕೇತಗಳಿಗೆ ಒಂದೊಂದು ಪುಟ್ಟ ದೀಪವಿರುವುದು ವಾಡಿಕೆ. ಈ ದೀಪಗಳೇ ದುರಸ್ತಿಗಾರನ ಮೊದಲ ಸಾಕ್ಷಿಗಳು.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಕನ್ವೇಯರಿನ ಮೇಲೆ ಪೆಟ್ಟಿಗೆ ಬಂದು ನಿಂತಿದೆ. ಅದನ್ನು ಮುಂದಕ್ಕೊಯ್ಯುವ ಮೋಟಾರು ತಿರುಗುತ್ತಿಲ್ಲ. ಅನನುಭವಿಯು ಕೂಡಲೇ ನಿಯಂತ್ರಕವೇ ಕೆಟ್ಟಿದೆಯೆಂದು ಭಾವಿಸುತ್ತಾನೆ. ವಾಸ್ತವವಾಗಿ ದೋಷವು ಹೆಚ್ಚಾಗಿ ಅದರ ಹೊರಗೆ, ಸೆನ್ಸರ್, ತಂತಿ, ಸಡಿಲವಾದ ಸ್ಕ್ರೂ, ಫ್ಯೂಸ್ ಇವುಗಳಲ್ಲಿರುತ್ತದೆ. ಅನುಭವಿಯು ಮೊದಲು ಮೋಟಾರಿಗೆ ಸಂಬಂಧಿಸಿದ ಔಟ್‌ಪುಟ್ ದೀಪವನ್ನು ನೋಡುತ್ತಾನೆ. ಅದು ಉರಿಯುತ್ತಿದ್ದರೆ ಆಜ್ಞೆ ಹೊರಟಿದೆ, ದೋಷವು ಅದರ ಮುಂದಿದೆ. ಆಗ ಟರ್ಮಿನಲ್ಲಿನಲ್ಲಿ ಮೀಟರಿಟ್ಟು ಅಳೆಯಬೇಕು. ವೋಲ್ಟೇಜು ಇಲ್ಲದಿದ್ದರೆ ಫ್ಯೂಸ್ ಅಥವಾ ಔಟ್‌ಪುಟ್ ಭಾಗವನ್ನು ಶಂಕಿಸಬೇಕು. ಇದ್ದರೆ ಕಾಂಟ್ಯಾಕ್ಟರು, ಓವರ್‌ಲೋಡ್ ರಿಲೇ, ಮೋಟಾರುಗಳತ್ತ ಹೋಗಬೇಕು. ದೀಪವೇ ಉರಿಯದಿದ್ದರೆ ಏಣಿಯ ನಕ್ಷೆಯಲ್ಲಿ ಆ ಮೆಟ್ಟಿಲನ್ನು ತೆರೆದು, ಯಾವ ನಿಬಂಧನೆ ಪೂರ್ಣವಾಗಿಲ್ಲವೆಂದು ನೋಡಬೇಕು. ಅದು ಪೆಟ್ಟಿಗೆಯನ್ನು ಗುರುತಿಸುವ ಸೆನ್ಸರಿನದೆಂದು ತಿಳಿದರೆ, ಸೆನ್ಸರಿನ ದೀಪವನ್ನೂ ಇನ್‌ಪುಟ್ ದೀಪವನ್ನೂ ಹೋಲಿಸಬೇಕು. ಮೊದಲನೆಯದು ಉರಿದು ಎರಡನೆಯದು ಉರಿಯದಿದ್ದರೆ ದೋಷವಿರುವುದು ಬಹುಮಟ್ಟಿಗೆ ನಡುವಿನ ತಂತಿಯಲ್ಲಿ. ಎರಡೂ ಉರಿಯದಿದ್ದರೆ ಸೆನ್ಸರಿಗೆ ಧೂಳು ಮುಚ್ಚಿರಬಹುದು, ಅದು ಜಾಗ ತಪ್ಪಿರಬಹುದು, ಅಥವಾ ಅದಕ್ಕೆ ವಿದ್ಯುತ್ತು ಬಾರದಿರಬಹುದು. ಹೀಗೆ ಒಂದೊಂದು ಪರೀಕ್ಷೆಯೂ ಶಂಕಿತ ಕ್ಷೇತ್ರವನ್ನು ಕಿರಿದುಗೊಳಿಸುತ್ತದೆ.

ದುರಸ್ತಿಯಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆಗಳೂ ಇವೆ. ಪರೀಕ್ಷೆಗಾಗಿ ಒಂದು ಸಂಕೇತವನ್ನು ಬಲವಂತವಾಗಿ ಇದೆಯೆಂದು ತೋರಿಸುವ ಸೌಲಭ್ಯ ಪಿ.ಎಲ್.ಸಿ.ಯಲ್ಲುಂಟು, ಇದನ್ನು ಫೋರ್ಸ್ ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಇದನ್ನು ತೆಗೆಯಲು ಮರೆತರೆ ನಿಯಂತ್ರಕವು ಸುಳ್ಳನ್ನೇ ನಂಬಿ ನಡೆಯುತ್ತದೆ. ಯಾರೋ ಕೈಯಿಟ್ಟಿರುವಾಗ ಯಂತ್ರ ಹೊರಡಬಹುದು. ಆದುದರಿಂದ ಯಂತ್ರದೊಳಕ್ಕೆ ಕೈಹಾಕುವ ಮುನ್ನ ಮುಖ್ಯ ಸ್ವಿಚ್ಚನ್ನು ತೆರೆದು ಬೀಗಹಾಕಿ, ವಿದ್ಯುತ್ತಿಲ್ಲವೆಂಬುದನ್ನು ಮೀಟರಿನಿಂದ ಖಚಿತಪಡಿಸಿಕೊಳ್ಳಬೇಕು. ನಿಯಂತ್ರಕವನ್ನೇ ಬದಲಾಯಿಸಬೇಕಾದಲ್ಲಿ ಪ್ರೋಗ್ರಾಮಿನ ಪ್ರತಿ ಕೈಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು; ಇಲ್ಲವಾದರೆ ಹೊಸ ಉಪಕರಣ ಬರಿದಾದ ಪೆಟ್ಟಿಗೆಯಷ್ಟೆ.

ಮೇಲಿನ ಕ್ರಮವೆಲ್ಲವೂ ಒಂದು ನಂಬಿಕೆಯನ್ನು ಅವಲಂಬಿಸಿದೆ: ಪರದೆಯು ತೋರಿಸುವುದು ನಿಜ. ಈ ನಂಬಿಕೆಗೆ 2010ರಲ್ಲಿ ದೊಡ್ಡ ಪೆಟ್ಟು ಬಿದ್ದಿತು. ಆ ವರ್ಷ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ದುಷ್ಟ ಪ್ರೋಗ್ರಾಮು ಇರಾನ್ ದೇಶದ ನತಾಂಜ್‌ನಲ್ಲಿ ಯುರೇನಿಯಂ ಸಂವರ್ಧಿಸುವ ಯಂತ್ರಗಳ ಸೀಮೆನ್ಸ್ ನಿಯಂತ್ರಕಗಳನ್ನು ಗುರಿಮಾಡಿತ್ತು. ಅದು ನಿರ್ದೇಶಗಳನ್ನು ತಿದ್ದಿದುದು ಮಾತ್ರವಲ್ಲ. ಅಭಿಯಂತರರು ಅವನ್ನು ತೆರೆದು ನೋಡಿದಾಗ ತಿದ್ದಿದ ಭಾಗ ಕಾಣದಂತೆಯೂ ಮಾಡುತ್ತಿತ್ತು. ಹಿಂದೆ ದಾಖಲಾಗಿದ್ದ ಸಹಜ ಅಳತೆಗಳನ್ನೇ ಮತ್ತೆ ತೋರಿಸುವ ಏರ್ಪಾಡೂ ಅದರಲ್ಲಿತ್ತು. ಇದು ಚರಿತ್ರಕಾರನಿಗೆ ಅಪರಿಚಿತವಾದುದಲ್ಲ. ಕೂಟಶಾಸನಗಳನ್ನು ನಾವು ಕಂಡಿದ್ದೇವಷ್ಟೆ.

ಇದರಿಂದ ನಾವು ಗ್ರಹಿಸಬೇಕಾದುದು ಇಷ್ಟು. ಮಾರ್ಲಿ ಮತ್ತು ಅವರ ಸಂಗಡಿಗರು ಉಳಿಸಿಕೊಟ್ಟ ಏಣಿಯ ನಕ್ಷೆಯು ಯಂತ್ರದ ಅಂತರಂಗವನ್ನು ಕೆಲಸಗಾರನ ಕಣ್ಣಿಗೆ ತೆರೆದಿಟ್ಟಿತು. ಆದರೆ ಓದಬಲ್ಲ ದಾಖಲೆಯು ಓದಬಲ್ಲುದೆಂಬ ಕಾರಣದಿಂದಲೇ ಪ್ರಮಾಣವಾಗದು. ಪರದೆಯ ಮಾತನ್ನು ಟರ್ಮಿನಲ್ಲಿನ ಮೀಟರಿನಿಂದಲೂ, ಮೀಟರಿನ ಮಾತನ್ನು ಯಂತ್ರದ ಚಲನೆಯಿಂದಲೂ ತಾಳೆನೋಡತಕ್ಕದ್ದು. ಶಾಸನವನ್ನಾಗಲಿ ಯಂತ್ರವನ್ನಾಗಲಿ ಓದಲು ಹೊರಡುವ ನಮ್ಮ ವಿದ್ಯಾರ್ಥಿಗಳು ಈ ಅಭ್ಯಾಸವನ್ನು ರೂಢಿಸಿಕೊಳ್ಳುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.